ದೀರ್ಘಕಾಲದ ನೋವು: ವೈದ್ಯರೊಡನೆ ಸೇರಿ ಔಷಧಿ ಪಡೆಯುವ ಬಗೆ

ಮೂರು ತಿಂಗಳನ್ನು ಮೀರಿ ಉಳಿಯುವ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲದ ನೋವೆಂದು ಕರೆಯುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಹೊಲದ ದುಡಿಮೆಯಿಂದ ಸೊಂಟ, ಮೊಣಕಾಲು ಸವೆಸಿಕೊಂಡ ಹಿರಿಯರು ಮನೆಮನೆಯಲ್ಲಿದ್ದಾರೆ. ನೋವನ್ನು ನುಂಗಿಕೊಳ್ಳುವುದೇ ಸಹನೆಯೆಂದು ಕೆಲವರು ಭಾವಿಸುತ್ತಾರೆ. ಆದರೆ ಕಾಯವು ಕುಸಿದರೆ ಕಾಯಕವೂ ನಿಲ್ಲುತ್ತದೆ. ಚಿಕಿತ್ಸೆ ಪಡೆಯುವುದು ದೌರ್ಬಲ್ಯವಲ್ಲ.

ಚೀಟಿಯಿಲ್ಲದೆ ಅಂಗಡಿಯಿಂದ ಡೈಕ್ಲೋಫೆನಾಕ್‌ನಂತಹ ಗುಳಿಗೆ ತಂದು ನಿತ್ಯ ನುಂಗುವುದು ಅಪಾಯಕರ. ಅದರಿಂದ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರಿಗೆ ಈ ಅಪಾಯ ಇನ್ನೂ ಹೆಚ್ಚು.

ನೋವೆಲ್ಲವೂ ಒಂದೇ ಬಗೆಯದಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಉರಿಯುವುದು ನರಗಳ ನೋವು; ಸಾಮಾನ್ಯ ನೋವಿನ ಗುಳಿಗೆ ಅದಕ್ಕೆ ಅಷ್ಟಾಗಿ ನಾಟದು. ವೈದ್ಯರು ಅಮಿಟ್ರಿಪ್ಟಿಲಿನ್ ಅಥವಾ ಪ್ರಿಗಾಬಾಲಿನ್ ಬರೆಯಬಹುದು. ಅವುಗಳ ಗುಣ ಕಾಣಲು ಕೆಲವು ವಾರ ಬೇಕು. ಆದ್ದರಿಂದ ಎರಡೇ ದಿನಕ್ಕೆ ಬಿಡಬಾರದು.

ಕ್ಯಾನ್ಸರ್‌ನ ತೀವ್ರ ನೋವಿಗೆ ಮಾರ್ಫಿನ್ ಮುಖ್ಯ ಔಷಧಿ. 1985ರ ಮಾದಕವಸ್ತು ಕಾಯ್ದೆಯ ಬಿಗಿ ನಿಯಮಗಳಿಂದ ಅದು ರೋಗಿಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳಿಗೆ ಅನುಮತಿಯ ಹಾದಿಯನ್ನು ಸರಳಗೊಳಿಸಿತು. ಮಾರ್ಫಿನ್ ಆರಂಭಿಸಿದರೆ ಸಾವು ಸಮೀಪಿಸಿತೆಂಬ ಭಯ ಸಲ್ಲದು. ಮಲಬದ್ಧತೆ ಸಾಮಾನ್ಯವಾದ್ದರಿಂದ ಅದಕ್ಕೂ ಔಷಧಿ ಕೇಳಬೇಕು. ಪ್ರಮಾಣವನ್ನು ತಾವಾಗಿ ಹೆಚ್ಚಿಸಬಾರದು, ಗುಳಿಗೆಗಳನ್ನು ಬೀಗದಲ್ಲಿಡಬೇಕು. ಟ್ರಮಡಾಲ್ ಕೂಡ 2018ರಿಂದ ಇದೇ ಕಾಯ್ದೆಗೆ ಒಳಪಟ್ಟಿದೆ. ಚೀಟಿಯಿಲ್ಲದೆ ಅಂಗಡಿಯವರು ಕೊಡದಿದ್ದರೆ ಅದು ಹಟವಲ್ಲ, ಕಾನೂನು. ಸೊಂಟ, ಮೊಣಕಾಲಿನ ಹಳೆಯ ನೋವಿಗೆ ಇಂತಹ ಔಷಧಿ ಮೊದಲ ಆಯ್ಕೆಯಲ್ಲ. ವ್ಯಾಯಾಮ, ಫಿಸಿಯೋಥೆರಪಿಗಳಿಗೆ ಅಲ್ಲಿ ಆದ್ಯತೆ.

ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದುಕೊಳ್ಳಿರಿ: ನೋವು ಎಲ್ಲಿ, ಎಂದಿನಿಂದ, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಯಾವ ಕೆಲಸ ನಿಂತಿದೆ, ನಿದ್ರೆ ಬರುತ್ತದೆಯೇ, ನಾಟಿ ಔಷಧಿಯೂ ಸೇರಿ ಈವರೆಗೆ ಏನೇನು ಸೇವಿಸಿದ್ದೀರಿ. ‘ಬಹಳ ನೋವು’ ಎಂಬುದಕ್ಕಿಂತ ‘ಅರ್ಧ ತಾಸೂ ಕೂಡಲಾರೆ’ ಎಂಬ ಮಾತು ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ಹಳೆಯ ಚೀಟಿಗಳೆಲ್ಲವನ್ನೂ ಒಯ್ಯಿರಿ. ಒಬ್ಬರೇ ವೈದ್ಯರಲ್ಲಿ ಚಿಕಿತ್ಸೆ ಮುಂದುವರಿಸಿರಿ. ಗುಣ ಕಾಣದಿದ್ದರೆ ಸಂಕೋಚವಿಲ್ಲದೆ ಅವರಿಗೇ ಹೇಳಿರಿ.

ತಾಲೂಕು ಆಸ್ಪತ್ರೆಯಲ್ಲಿ ನೋವು ಹತೋಟಿಗೆ ಬಾರದಿದ್ದರೆ ವಿಜಯಪುರದ ಜಿಲ್ಲಾಸ್ಪತ್ರೆಗೆ ಶಿಫಾರಸು ಪತ್ರ ಕೇಳಿರಿ. ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಶಮನದ ವಿಭಾಗವೇ ಇದೆ. ಮನೆಯ ಹಿರಿಯರು ತಾವಾಗಿ ಬಾಯಿ ಬಿಡಲಾರರು. ಅವರನ್ನು ಕೇಳಿ, ಜೊತೆಗೂಡಿ ಕರೆದೊಯ್ಯುವುದು ಮಕ್ಕಳ ಕರ್ತವ್ಯ.