ವಾರ್ಲಿಗಳ ಅಂಗಳಕ್ಕೆ ಹೋದ ಶಾಲೆ

ಅಂಗನವಾಡಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮೊಟ್ಟೆ, ಪುಷ್ಟಿ ಪೊಟ್ಟಣ, ಮಕ್ಕಳ ತೂಕ ನೋಡುವ ತಕ್ಕಡಿ, ಲಸಿಕೆಯ ದಿನದ ಗದ್ದಲ. ಇದೆಲ್ಲ ಆಮೇಲೆ ಸೇರಿಕೊಂಡದ್ದು. ಮೊದಲು ಅದು ಪುಟ್ಟ ಮಕ್ಕಳಿಗೆ ಕಲಿಸುವ ಒಂದು ಕ್ರಮವಾಗಿತ್ತು. ಅದನ್ನು ಕಟ್ಟಿದವರು ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್. ಅದು ಬೆಳೆದದ್ದು ಮಹಾರಾಷ್ಟ್ರದ ಡಹಾಣು ತಾಲ್ಲೂಕಿನಲ್ಲಿ, ಕಡಲ ದಡದ ಬೋರ್ಡಿ ಗ್ರಾಮದಲ್ಲಿ ಮತ್ತು ಕೋಸಬಾಡ ಗುಡ್ಡದ ಸುತ್ತಲಿನ ವಾರ್ಲಿ ಆದಿವಾಸಿಗಳ ಹಾಡಿಗಳಲ್ಲಿ.

ಕಥೆಯ ಬೇರು ಮಾತ್ರ ಗುಜರಾತಿನ ಭಾವನಗರದಲ್ಲಿದೆ. ಅಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರಿದ್ದರು. ಮಗನನ್ನು ಹೇಗೆ ಬೆಳೆಸಬೇಕು, ಯಾವ ಶಾಲೆಗೆ ಹಾಕಬೇಕು ಎಂಬ ಯೋಚನೆಗೆ ಬಿದ್ದವರು ಇಟಲಿಯ ಮರಿಯಾ ಮಾಂಟೆಸ್ಸರಿ ಬರೆದದ್ದನ್ನು ಓದಿದರು. ವಕೀಲಿಕೆ ಬಿಟ್ಟರು. 1920ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರ ತೆರೆದರು. ಮಕ್ಕಳನ್ನು ಹೊಡೆಯದ, ಬಾಯಿಪಾಠ ಮಾಡಿಸದ ಈ ಮೇಷ್ಟ್ರಿಗೆ ಜನ ಇಟ್ಟ ಹೆಸರು ‘ಮೀಸೆಯ ತಾಯಿ’.

ಅವರು ಮೆಚ್ಚಿದ ಮಾಂಟೆಸ್ಸರಿ ಸಾಮಗ್ರಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಆ ಪದ್ಧತಿಯ ಜೀವಾಳ ತಿಳಿಯುತ್ತದೆ. ಉದ್ದನೆಯ ಮರದ ದಿಮ್ಮಿಯೊಂದರಲ್ಲಿ ಹತ್ತು ಕುಳಿಗಳು, ಅವುಗಳಿಗೆ ಕೂರುವ ಹತ್ತು ಉರುಳೆಗಳು. ಪ್ರತಿ ಉರುಳೆಯ ತಲೆಯ ಮೇಲೆ ಒಂದು ಪುಟ್ಟ ಗುಬುಟು. ಮಗು ಎಲ್ಲವನ್ನೂ ಹೊರತೆಗೆದು, ಕಲಸಿ, ಮತ್ತೆ ಅದರದರ ಜಾಗಕ್ಕೆ ಇಡಬೇಕು. ಸಣ್ಣ ಉರುಳೆ ದೊಡ್ಡ ಕುಳಿಗೆ ಬಿತ್ತೆನ್ನಿ, ಕೊನೆಯಲ್ಲಿ ಒಂದು ಉರುಳೆ ಎಲ್ಲಿಯೂ ಕೂರದೆ ಕೈಯಲ್ಲೇ ಉಳಿಯುತ್ತದೆ. ‘ತಪ್ಪು’ ಎಂದು ಟೀಚರ್ ಹೇಳಬೇಕಾಗಿಲ್ಲ. ಮಗು ತಾನೇ ಕಂಡುಕೊಂಡು ತಿದ್ದಿಕೊಳ್ಳುತ್ತದೆ. ಇನ್ನೊಂದು ಉಪಾಯವೂ ಇದರಲ್ಲಿದೆ. ಗುಬುಟನ್ನು ಮೂರು ಬೆರಳಲ್ಲಿ ಹಿಡಿದು ಹಿಡಿದು, ಮುಂದೆ ಪೆನ್ಸಿಲ್ ಹಿಡಿಯಲು ಬೇಕಾದ ಹದ ಕೈಗೆ ಬಂದಿರುತ್ತದೆ.

ಗಿಜುಭಾಯಿ ಮಾಂಟೆಸ್ಸರಿಯನ್ನು ಕಣ್ಣು ಮುಚ್ಚಿ ಒಪ್ಪಿದವರಲ್ಲ. ಚಿಕ್ಕ ಮಕ್ಕಳಿಗೆ ಕಿನ್ನರ ಕಥೆ, ಕಲ್ಪನೆಯ ಲೋಕ ಬೇಡ ಎನ್ನುವುದು ಮಾಂಟೆಸ್ಸರಿಯವರ ನಿಲುವಾಗಿತ್ತು. ಗಿಜುಭಾಯಿಯವರ ಬಾಲಮಂದಿರದಲ್ಲಿ ಕಥೆ, ಹಾಡು, ನಾಟಕ ದಿನದ ಊಟದಷ್ಟೇ ಸಹಜ. ಅಜ್ಜಿಯ ಕಥೆ ಕೇಳಿಯೇ ಬೆಳೆಯುವ ನಾಡಿನಲ್ಲಿ ಅವರ ತೀರ್ಮಾನವೇ ಸರಿಯಾಗಿತ್ತು. 1939ರ ಜೂನ್‌ನಲ್ಲಿ ಅವರು ತೀರಿಕೊಂಡರು. ಮಾಂಟೆಸ್ಸರಿ ಮದರಾಸಿನ ಅಡ್ಯಾರಿಗೆ ಬಂದಿಳಿದದ್ದು ಅದೇ ವರ್ಷದ ಕೊನೆಯಲ್ಲಿ.

ರಾಜಕೋಟೆಯ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾಗಿದ್ದ ತಾರಾಬಾಯಿ, ಆ ಹುದ್ದೆ ಬಿಟ್ಟು ಗಿಜುಭಾಯಿಯವರ ಜೊತೆ ಸೇರಿದ್ದರು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ಬಾಲಮಂದಿರಗಳೇನೋ ಚೆನ್ನಾಗಿ ನಡೆದವು. ಆದರೆ ಅಲ್ಲಿಗೆ ಬರುತ್ತಿದ್ದವರು ಪೇಟೆಯ, ಅನುಕೂಲಸ್ಥರ ಮಕ್ಕಳು. ಮಾಂಟೆಸ್ಸರಿ ಸಾಮಗ್ರಿ ಕೊಳ್ಳುವ ಶಕ್ತಿ ಹಳ್ಳಿಗೆಲ್ಲಿಂದ ಬರಬೇಕು? ಈ ಪ್ರಶ್ನೆ ಹೊತ್ತು ತಾರಾಬಾಯಿ 1945ರಲ್ಲಿ ಬೋರ್ಡಿಗೆ ಬಂದರು. ಆಗ ಅವರಿಗೆ ಐವತ್ತು ದಾಟಿತ್ತು. ಜೊತೆಗೆ ಬಂದ ಅನುತಾಯಿ ಹದಿಮೂರನೆಯ ವಯಸ್ಸಿಗೇ ವಿಧವೆಯಾಗಿ, ಹಟ ಹಿಡಿದು ಓದಿ ಶಿಕ್ಷಕಿಯಾದವರು.

ಬಾಲವಾಡಿ ತೆರೆದದ್ದಾಯಿತು. ವಾರ್ಲಿ ಮಕ್ಕಳು ಮಾತ್ರ ಬರಲಿಲ್ಲ.

ಬರಲಾಗದ ಕಾರಣಗಳು ಮನೆಯಲ್ಲೇ ಇದ್ದವು. ತಂದೆತಾಯಿ ಕೂಲಿಗೆ ಹೋದರೆ ಏಳೆಂಟು ವರ್ಷದ ಹುಡುಗಿಯ ಕಂಕುಳಲ್ಲಿ ತಮ್ಮನೋ ತಂಗಿಯೋ. ಹುಡುಗರು ದನದ ಹಿಂದೆ. ಪೋಷಕರನ್ನು ಬೈಯುವ ಬದಲು ಈ ಇಬ್ಬರು ಪಾಠವನ್ನೇ ಹಾಡಿಗೆ ಒಯ್ದರು. ಗುಡಿಸಲಿನ ಮುಂದಿನ ಅಂಗಳವೇ ತರಗತಿ, ಅದೇ ಅಂಗನವಾಡಿ. ಮೊದಲು ಮಕ್ಕಳಿಗೆ ಮೈ ತೊಳೆಸುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು. ಆಮೇಲೆ ಹಾಡು, ಆಟ, ಎಣಿಕೆ. ಕೊಂಡು ತಂದ ಸಾಮಗ್ರಿಯ ಬದಲು ಬೆಣಚುಕಲ್ಲು, ಕಪ್ಪೆಚಿಪ್ಪು, ಬೀಜ, ಎಲೆ, ಕಡ್ಡಿ. ಒಂದು ಹಿಡಿ ಬೀಜ ಕೊಟ್ಟು ಬಗೆಬಗೆಯಾಗಿ ಬೇರ್ಪಡಿಸಲು ಹೇಳಿದರೆ ಮಗು ಬಣ್ಣ, ಗಾತ್ರ, ನುಣುಪು ಗಮನಿಸುತ್ತದೆ. ಯಾವ ಗುಡ್ಡೆ ದೊಡ್ಡದು, ಯಾವುದು ಚಿಕ್ಕದು ಎಂದು ಹೋಲಿಸುತ್ತದೆ. ಒಂದು, ಎರಡು, ಮೂರು ಎಂಬ ಪಾಠ ಬರುವಷ್ಟರಲ್ಲಿ ಲೆಕ್ಕದ ಅಡಿಪಾಯ ಬಿದ್ದಿರುತ್ತದೆ. ಮಾಂಟೆಸ್ಸರಿಯವರ ತತ್ವ ಉಳಿಯಿತು, ಬಡಗಿಯ ಖರ್ಚು ತಪ್ಪಿತು.

ಕೆಲಸ 1957ರಲ್ಲಿ ಕೋಸಬಾಡಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ರೂಪುಗೊಂಡ ‘ವಿಕಾಸವಾಡಿ’ಯಲ್ಲಿ ಶಿಶುವಿಹಾರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರೂ ಒಟ್ಟಿಗೆ. ಅಕ್ಕ ಕಂಕುಳ ಕೂಸನ್ನು ಶಿಶುವಿಹಾರದಲ್ಲಿ ಬಿಟ್ಟು ಪಕ್ಕದ ತರಗತಿಯಲ್ಲಿ ಕೂರಬಹುದಿತ್ತು. ದನ ಕಾಯುವ ಹುಡುಗರಿಗೆಂದು ‘ಕುರಣಶಾಲೆ’, ಅಂದರೆ ಹುಲ್ಲುಗಾವಲಿನ ಶಾಲೆ: ದನ ಮೇಯುವಲ್ಲಿಗೇ ಶಿಕ್ಷಕರು ಹೋಗುತ್ತಿದ್ದರು. ಮಗು ಏಕೆ ಬರುತ್ತಿಲ್ಲ ಎಂಬುದನ್ನು ಹುಡುಕಿ, ಆ ಕಾರಣಕ್ಕೆ ತಕ್ಕಂತೆ ಶಾಲೆಯನ್ನೇ ಬದಲಿಸಿದ ಇಂಥ ನಿದರ್ಶನಗಳು ನಮ್ಮ ಶಿಕ್ಷಣದ ಇತಿಹಾಸದಲ್ಲಿ ಅಪರೂಪ. ತಾರಾಬಾಯಿಗೆ 1962ರಲ್ಲಿ ಪದ್ಮಭೂಷಣ ಸಂದಿತು. 1973ರಲ್ಲಿ ಅವರು ತೀರಿಕೊಂಡ ಮೇಲೆ ಅನುತಾಯಿ 1992ರವರೆಗೂ, ಅಂದರೆ ತಮ್ಮ ಕೊನೆಗಾಲದವರೆಗೂ, ಆ ಕೆಲಸ ಮುಂದುವರಿಸಿದರು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಅಂಗನವಾಡಿ ಎಂದೇ ಹೆಸರಾಯಿತು. ಕರ್ನಾಟಕದಲ್ಲಿ ಮೊದಲು ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ‘ಚಿಲಿಪಿಲಿ’ ಹೆಸರಿನ ಪಠ್ಯಕ್ರಮ ಇಲ್ಲಿನದೇ. ಹಾಡು, ಕಥೆ, ಆಟಗಳ ಮೂಲಕವೇ ಕಲಿಸಬೇಕೆನ್ನುವ ಅದರ ದಾರಿ ಭಾವನಗರ, ಬೋರ್ಡಿಗಳ ದಾರಿಯೇ.

ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣ ಒಂದು ಮಾತ್ರ. ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ ಎಲ್ಲವೂ ಅದೇ ಕಾರ್ಯಕರ್ತೆಯ ಹೆಗಲ ಮೇಲೆ. ಜೊತೆಗೆ ರಿಜಿಸ್ಟರು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ತುಂಬಿಸುವುದು, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ. ಇಷ್ಟರ ನಡುವೆ ಬೀಜ ವಿಂಗಡಿಸುವ ಮಗುವಿನ ಪಕ್ಕದಲ್ಲಿ ಅವಸರವಿಲ್ಲದೆ ಕೂರಲು ಆಕೆಗೆ ಸಮಯವೆಲ್ಲಿ? ಅತ್ತ ಪೋಷಕರಿಗೆ ಮೂರೂವರೆ ವರ್ಷದ ಮಗು ‘ಎ ಬಿ ಸಿ ಡಿ’ ಬರೆಯಬೇಕೆಂಬ ಆತುರ. ಅದಕ್ಕಾಗಿ ಸಾಲ ಮಾಡಿ ಕಾನ್ವೆಂಟಿಗೆ ಹಾಕುವವರಿದ್ದಾರೆ. ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ನಡೆಸಲು ರಾಜ್ಯ ಸರ್ಕಾರ 2024ರಲ್ಲಿ ಹೆಜ್ಜೆ ಇಟ್ಟದ್ದು ಒಳ್ಳೆಯದೇ. ಆದರೆ ಆ ಹೆಸರಿನ ಜೊತೆಗೆ ಸ್ಲೇಟು ತುಂಬ ಅಕ್ಷರ ತಿದ್ದಿಸುವ ರೂಢಿಯೂ ಒಳಗೆ ಬರಬಾರದು. ಕಾರ್ಯಕರ್ತೆಗೆ ದಿನಕ್ಕೆ ಎರಡು ಗಂಟೆಯಾದರೂ ಮಕ್ಕಳಿಗಾಗಿಯೇ ಮೀಸಲಿರಬೇಕು. ಆ ಹೊತ್ತಿನಲ್ಲಿ ಯಾವ ಸಭೆಗೂ ಸಮೀಕ್ಷೆಗೂ ಆಕೆಯನ್ನು ಕರೆಯುವಂತಿಲ್ಲ ಎಂದು ಇಲಾಖೆ ಲಿಖಿತ ಆದೇಶ ಹೊರಡಿಸಲಿ.