ಸಮಾಂತರ ಬಿಲ್ಡ್‌ನ ಅನಿಯತ ವೈಫಲ್ಯ

ಸಮಾಂತರ ಬಿಲ್ಡ್‌ನ ಅನಿಯತ ವೈಫಲ್ಯ ಎಂದರೆ ಮೂಲ ಸಂಕೇತ ಬದಲಾಗದಿದ್ದರೂ ತಂತ್ರಾಂಶದ ಬಿಲ್ಡ್ ಒಮ್ಮೆ ಯಶಸ್ವಿಯಾಗಿ, ಮತ್ತೊಮ್ಮೆ ವಿಫಲವಾಗುವ ದೋಷ. ಗ್ನೂ ಮೇಕ್‌ನಂತಹ ಸಾಧನಗಳಲ್ಲಿ ಹಲವು ಕೆಲಸಗಳನ್ನು ಏಕಕಾಲಕ್ಕೆ ನಡೆಸಿದಾಗ ಇದು ಕಂಡುಬರುತ್ತದೆ.

ಕಾರಣ

ಪರಸ್ಪರ ಅವಲಂಬನೆ ನಮೂದಾಗಿರದ ಕೆಲಸಗಳನ್ನು ಮೇಕ್ ಒಟ್ಟಿಗೆ ಆರಂಭಿಸುತ್ತದೆ. ಅವುಗಳಲ್ಲಿ ಯಾವುದಕ್ಕೆ ಯಾವಾಗ ಪ್ರೊಸೆಸರ್ ದೊರೆಯಬೇಕು ಎಂಬುದನ್ನು ಕಾರ್ಯಾಚರಣಾ ವ್ಯವಸ್ಥೆಯ ಶೆಡ್ಯೂಲರ್ ನಿರ್ಧರಿಸುತ್ತದೆ. ಬಿಲ್ಡ್‌ನ ನಡುವೆ ತಯಾರಾಗುವ ಹೆಡರ್ ಕಡತವೊಂದರ ಅವಲಂಬನೆ ಮೇಕ್‌ಫೈಲ್‌ನಲ್ಲಿ ಬಿಟ್ಟುಹೋಗಿದ್ದರೆ, ಅದು ಸಿದ್ಧವಾಗುವ ಮೊದಲೇ ಕಂಪೈಲರ್ ಅದನ್ನು ಹುಡುಕಬಹುದು. ಹಿಂದಿನ ಬಿಲ್ಡ್‌ನ ಹಳೆಯ ಹೆಡರ್ ಉಳಿದಿದ್ದರೆ ದೋಷ ಸಂದೇಶವೇ ಬಾರದೆ ತಪ್ಪು ಪ್ರೋಗ್ರಾಂ ತಯಾರಾಗುವ ಅಪಾಯವೂ ಇದೆ.

ಪತ್ತೆ

ಒಂದೊಂದೇ ಕೆಲಸ ನಡೆಸಿದಾಗ ಬಿಲ್ಡ್ ಪ್ರತಿಬಾರಿಯೂ ಯಶಸ್ವಿಯಾದರೆ ಅವಲಂಬನೆಯ ಲೋಪದ ಸಂಶಯ ಬಲವಾಗುತ್ತದೆ. 2022ರಲ್ಲಿ ಬಿಡುಗಡೆಯಾದ ಗ್ನೂ ಮೇಕ್ 4.4ರ ‘ಷಫಲ್’ ಆಯ್ಕೆಯು ಕೆಲಸಗಳ ಕ್ರಮವನ್ನು ಬೇಕೆಂದೇ ಕಲಸಿ ಇಂತಹ ಲೋಪಗಳನ್ನು ಹೊರಗೆಡಹುತ್ತದೆ. ಪ್ರತಿಬಾರಿಯೂ ಬೇರೆ ಬೇರೆ ಕಡತದಲ್ಲಿ ಕಂಪೈಲರೇ ಕುಸಿದುಬಿದ್ದರೆ ಮೆಮೊರಿ ಅಥವಾ ಪ್ರೊಸೆಸರನ್ನು ಪರೀಕ್ಷಿಸಬೇಕಾಗುತ್ತದೆ. 2017ರಲ್ಲಿ ಆರಂಭಿಕ ಎಎಮ್‌ಡಿ ರೈಜೆನ್ ಪ್ರೊಸೆಸರ್‌ಗಳ ಕೆಲವು ಘಟಕಗಳಲ್ಲಿ ಲಿನಕ್ಸ್‌ನ ಭಾರೀ ಸಮಾಂತರ ಬಿಲ್ಡ್‌ಗಳ ವೇಳೆ ಇಂತಹ ದೋಷ ಕಂಡುಬಂದಿತ್ತು.

ಪರಿಹಾರ

ಬಿಟ್ಟುಹೋದ ಅವಲಂಬನೆಯನ್ನು ಮೇಕ್‌ಫೈಲ್‌ಗೆ ಸೇರಿಸುವುದೇ ಶಾಶ್ವತ ಪರಿಹಾರ. ಏಕಕಾಲದ ಕೆಲಸಗಳ ಸಂಖ್ಯೆಯನ್ನು ತಗ್ಗಿಸಿದರೆ ಬಿಲ್ಡ್ ನಿಧಾನವಾಗುತ್ತದೆ. ದೋಷ ಮರೆಯಾದಂತೆ ತೋರಿದರೂ ಹಾಗೆಯೇ ಉಳಿದಿರುತ್ತದೆ.