ಸ್ಪ್ಯಾನಿಷ್ ಕಲಿಕೆಗೆ ಕನ್ನಡದ ದಾರಿ

ಅತ್ತಿಬೆಲೆಯ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ರಾಜ್ಯದ ಗಡಿ ಇಲ್ಲಿಗೆ ಮುಗಿದು ಹೊಸೂರಿನ ದಾರಿ ತೆರೆದುಕೊಳ್ಳುತ್ತದೆ. ಹೂವು ಮಾರುವವರು ಗಿರಾಕಿಯ ಮುಖ ನೋಡಿ ಭಾಷೆ ಬದಲಾಯಿಸುತ್ತಾರೆ. ಅದಕ್ಕೆ ಅವರಿಗೆ ಯಾವ ಪ್ರಮಾಣಪತ್ರವೂ ಬೇಕಾಗಿಲ್ಲ. ಇದೇ ಊರಿನ ಮಕ್ಕಳು ಮಾತ್ರ ಶಾಲೆ ಸೇರಿದೊಡನೆ ಭಾಷೆಯ ಕಲಿಕೆ ಎಂದರೆ ಇಂಗ್ಲಿಷ್ ಕಲಿಕೆ ಎಂದು ನಂಬತೊಡಗುತ್ತಾರೆ. ಈ ನಂಬಿಕೆಗೆ ತೆರಬೇಕಾದ ಬೆಲೆ ನನಗೆ ಮನದಟ್ಟಾದದ್ದು, ನಮ್ಮ ಬೀದಿಯ ಯುವತಿಯೊಬ್ಬಳು ಸ್ಪ್ಯಾನಿಷ್ ಕಲಿಯಲೆಂದು ಸ್ಪೇನ್ ದೇಶದ ಸಲಮಾಂಕ ನಗರಕ್ಕೆ ಹೋದ ಮೇಲೆ.

ಅವಳ ನಿರ್ಧಾರದ ಹಿಂದೆ ಲೆಕ್ಕಾಚಾರವಿತ್ತು. ಸ್ಪ್ಯಾನಿಷ್ ಸುಮಾರು 50 ಕೋಟಿ ಜನರ ತಾಯ್ನುಡಿ, 20 ದೇಶಗಳ ಅಧಿಕೃತ ಭಾಷೆ. ಲ್ಯಾಟಿನ್ ಅಮೆರಿಕದ ಗ್ರಾಹಕರೊಡನೆ ವ್ಯವಹರಿಸುವ ಕಂಪನಿಗಳಿಗೆ ಈ ಭಾಷೆ ಬಲ್ಲವರು ಬೇಕು. 2024ರ ಅಕ್ಟೋಬರ್‌ನಲ್ಲಿ ಸ್ಪೇನ್ ಪ್ರಧಾನಿ ಪೆದ್ರೋ ಸಾಂಚೆಸ್ ಭಾರತಕ್ಕೆ ಬಂದಾಗ, ಬೆಂಗಳೂರಿನಲ್ಲಿ ತಮ್ಮ ಕಾನ್ಸುಲೇಟ್ ತೆರೆಯುವ ವಿಷಯವೂ ಪ್ರಸ್ತಾಪವಾಗಿತ್ತು. ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿರುವ ತಂದೆ ಇದ್ದೊಂದು ನಿವೇಶನವನ್ನು ಅಡವಿಟ್ಟು ಹಣ ಹೊಂದಿಸಿದರು.

ಸಲಮಾಂಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1218ರಲ್ಲಿ. ಅರ್ಥಶಾಸ್ತ್ರ ಓದಿದ ನನ್ನಂಥವರಿಗೆ ಆ ಹೆಸರು ಹೊಸದಲ್ಲ. ಅಮೆರಿಕ ಖಂಡದಿಂದ ಬೆಳ್ಳಿ, ಬಂಗಾರ ಹರಿದುಬಂದು ಬೆಲೆಗಳೇರಿದಾಗ, ಹಣ ಹೆಚ್ಚಿದ ಕಡೆ ಅದರ ಮೌಲ್ಯ ಕುಸಿಯುತ್ತದೆ ಎಂದು 1556ರಲ್ಲೇ ಬರೆದ ಅಸ್ಪಿಲ್‌ಕ್ವೇತ ಅಲ್ಲಿ ಪಾಠ ಹೇಳಿದವನು. ನಮ್ಮ ಹುಡುಗಿಗೆ ಅದಾವುದೂ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಹೊತ್ತಿಗೆ ಸರಿಯಾಗಿ ಊಟ. ಅಲ್ಲಿ ಮಧ್ಯಾಹ್ನದ ಊಟ ಎರಡೂವರೆಗೆ, ರಾತ್ರಿಯದು ಒಂಬತ್ತೂವರೆಗೆ. ಮಾಂಸ ಬೇಡವೆಂದು ಹೇಳಿ ತರಿಸಿದ ಸಲಾಡ್‌ನಲ್ಲಿ ಟ್ಯೂನಾ ಮೀನು. ಬಂದ ತಿಂಗಳೊಳಗೆ ವಿದೇಶಿಯರ ಗುರುತಿನ ಚೀಟಿಗೆ ಪೊಲೀಸ್ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ಅದಕ್ಕೆ ಮುಂಚಿತವಾಗಿ ಸಮಯ ಗೊತ್ತುಪಡಿಸಿಕೊಳ್ಳಬೇಕು. (ಕಚೇರಿಗಳ ಸ್ವಭಾವ ಎಲ್ಲೆಡೆ ಒಂದೇ ಎಂಬುದು ಮಾಜಿ ಅಧಿಕಾರಿಯಾದ ನನಗೆ ತುಸು ಸಮಾಧಾನ ತಂದಿತು.) ಮೂರನೆಯ ವಾರದಲ್ಲಿ ಅವಳು ಫೋನಿನಲ್ಲಿ ಅತ್ತಳು. "ಸಾಕು, ಬಂದ್ಬಿಡಮ್ಮ" ಎಂದರು ತಾಯಿ. ತಂದೆ ಮಾತಾಡಲಿಲ್ಲ.

ಅವಳ ನಿಜವಾದ ತೊಡಕು ತರಗತಿಯಲ್ಲಿತ್ತು. ಪ್ರತಿ ವಾಕ್ಯವನ್ನೂ ಮೊದಲು ಇಂಗ್ಲಿಷಿನಲ್ಲಿ ಕಟ್ಟಿ ಬಳಿಕ ಸ್ಪ್ಯಾನಿಷಿಗೆ ತಿರುಗಿಸುತ್ತಿದ್ದಳು. ಕಾಫಿ ಇಷ್ಟವೆನ್ನಲು ಸ್ಪ್ಯಾನಿಷಿನಲ್ಲಿ 'ಮೆ ಗುಸ್ತಾ ಎಲ್ ಕಫೆ' ಎನ್ನಬೇಕು. ಇಂಗ್ಲಿಷಿನ ಕಣ್ಣಿಗೆ ಇದು ತಲೆಕೆಳಗಾದ ವಾಕ್ಯ. ಅಲ್ಲಿ 'ನಾನು' ಕರ್ತೃ. ಕನ್ನಡದವರಿಗೆ ಇದರಲ್ಲಿ ವಿಚಿತ್ರವೇನಿದೆ? 'ನನಗೆ ಕಾಫಿ ಇಷ್ಟ', ಅಷ್ಟೇ. 'ಮೆ ದುಯೆಲೆ ಲಾ ಕಬೇಥಾ' ಎಂದರೆ 'ನನಗೆ ತಲೆ ನೋಯುತ್ತದೆ'. ನಮ್ಮ ಚತುರ್ಥಿ ವಿಭಕ್ತಿ ಮಾಡುವ ಕೆಲಸವನ್ನೇ ಅಲ್ಲಿ 'ಮೆ' ಮಾಡುತ್ತದೆ. ತೆಲುಗಿನ 'ನಾಕು ಇಷ್ಟಂ', ತಮಿಳಿನ 'ಎನಕ್ಕು ಪಿಡಿಕ್ಕುಂ' ಕೂಡ ಇದೇ ಜಾಡಿನವು. ಅತ್ತಿಬೆಲೆಯ ಮಗುವಿನ ಕಿವಿಯಲ್ಲಿ ಈ ರಚನೆ ಮೂರು ಭಾಷೆಗಳಲ್ಲಿ ಸಿದ್ಧವಾಗಿರುತ್ತದೆ!

ಸಾಮ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. 'ಆಬ್ಲೊ' ಎಂಬ ಒಂದೇ ಪದ 'ಮಾತನಾಡುತ್ತೇನೆ' ಎಂಬಂತೆ ಕರ್ತೃವನ್ನು ತನ್ನೊಳಗೇ ಇಟ್ಟುಕೊಂಡಿದೆ. ಅವರ ತ, ದ ನಮ್ಮಂತೆ ಹಲ್ಲಿಗೆ ತಾಗುವ ಧ್ವನಿಗಳು. 'ಞ' ಕೂಡ ಅಲ್ಲಿ ಜೀವಂತ. ನೀನು–ನೀವು ಎಂಬ ಭೇದವೂ ಉಂಟು. ಆದರೆ ಸ್ಪೇನಿನ ವಿದ್ಯಾರ್ಥಿಗಳು ಅಧ್ಯಾಪಕರನ್ನು ಸಲೀಸಾಗಿ ಏಕವಚನದಲ್ಲಿ ಕರೆಯುತ್ತಾರೆ. ಇವಳ ನಾಲಿಗೆ ಅದಕ್ಕೆ ಇನ್ನೂ ಒಗ್ಗಿಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು ಎಂಬ ಅಲ್ಲಿನ ಲಿಂಗವ್ಯವಸ್ಥೆಗೆ ಮಾತ್ರ ಕನ್ನಡದಿಂದ ಯಾವ ನೆರವೂ ಸಿಗದು. ಬಾಯಿಪಾಠವೇ ಗತಿ.

ಈ ಹೋಲಿಕೆಗಳನ್ನು ಅವಳು ಸ್ವತಃ ಕಂಡುಕೊಂಡದ್ದು ಎರಡನೆಯ ತಿಂಗಳಲ್ಲಿ. ಅಷ್ಟರೊಳಗೆ ಶುಲ್ಕದ ಗಣನೀಯ ಭಾಗ ಕರಗಿತ್ತು. ಹೊರಡುವ ಮೊದಲೇ ಯಾರಾದರೂ ಇದನ್ನು ಹೇಳಿಕೊಟ್ಟಿದ್ದರೆ? ಆಧುನಿಕ ಯುರೋಪಿಯನ್ ಭಾಷೆಯೊಂದರ ಮೊದಲ ಮುದ್ರಿತ ವ್ಯಾಕರಣವೆಂದು ಹೆಸರಾದ ನೆಬ್ರಿಹನ ಕೃತಿ 1492ರಲ್ಲಿ ಹೊರಬಂದದ್ದು ಇದೇ ಸಲಮಾಂಕದಲ್ಲಿ. ಕೇಶಿರಾಜನ 'ಶಬ್ದಮಣಿದರ್ಪಣ' 13ನೆಯ ಶತಮಾನದ್ದು. ಇಷ್ಟು ಹಳೆಯ ವ್ಯಾಕರಣ ಪರಂಪರೆಯುಳ್ಳ ನಾವು ಮೂರನೆಯ ಭಾಷೆಗೆ ಇಂಗ್ಲಿಷಿನ ಬಾಗಿಲಿನಿಂದಲೇ ಏಕೆ ಹೋಗಬೇಕು? ವಿದೇಶಿ ಭಾಷೆಗಳನ್ನು ಕಲಿಸುವ ನಮ್ಮ ವಿಶ್ವವಿದ್ಯಾಲಯಗಳು, ಕನ್ನಡದ ವಾಕ್ಯಗಳನ್ನೇ ಆಧಾರವಾಗಿಟ್ಟುಕೊಂಡು ನೂರು ಪುಟಗಳ ಸ್ಪ್ಯಾನಿಷ್ ಕೈಪಿಡಿಯೊಂದನ್ನು ಸಿದ್ಧಪಡಿಸಬಹುದು. ಸ್ಪ್ಯಾನಿಷ್ ಬಲ್ಲ ಒಬ್ಬರು, ಕನ್ನಡ ವ್ಯಾಕರಣ ಬಲ್ಲ ಒಬ್ಬರು ಒಂದು ವರ್ಷ ಕುಳಿತರೆ ಆಗುವ ಕೆಲಸವಿದು. ವೆಚ್ಚ ಒಂದು ವಿಚಾರ ಸಂಕಿರಣದ ಖರ್ಚನ್ನು ಮೀರಲಾರದು.

ಯುವತಿ ಹಿಂದಿರುಗಿಲ್ಲ. ಎರಡನೆಯ ಹಂತದ ಪರೀಕ್ಷೆ ಮಾರ್ಚ್‌ನಲ್ಲಿದೆ. ಸಾಲದ ಕಂತು ಈಗಾಗಲೇ ಆರಂಭವಾಗಿದೆ.